ಶಾಸನಪಾಠವೂ ಗಾಜುಫಲಕದ ಕ್ಯಾಮೆರಾದ ಮಸೂರಗಳೂ

೧

ಮೈಸೂರು ಸೀಮೆಯ ಶಾಸನಗಳ ವ್ಯಾಸಂಗವು ಮಸಿಯಚ್ಚುಗಳಿಂದ ಮೊದಲಾಯಿತೆಂಬುದು ಸಾಮಾನ್ಯವಾದ ಭಾವನೆ. ವಸ್ತುಸ್ಥಿತಿಯು ಇದಕ್ಕಿಂತ ಬೇರೆ. ೧೮೬೫ರ ಸುಮಾರಿನಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ಈ ಸೀಮೆಯ ಹಲವು ಶಿಲಾಶಾಸನಗಳ ಮತ್ತು ತಾಮ್ರಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಬಿ. ಎಲ್. ರೈಸ್ ಸಾಹೇಬರು ಪಾಠವನ್ನು ನಿರ್ಣಯಿಸಿ, ಭಾಷಾಂತರಗಳನ್ನು ಸಿದ್ಧಪಡಿಸಿ, ೧೮೭೯ರಲ್ಲಿ ‘ಮೈಸೂರ್ ಇನ್ಸ್‌ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ‘ಎಪಿಗ್ರಾಫಿಯ ಕರ್ಣಾಟಿಕ’ದ ಮೊದಲನೆಯ ಸಂಪುಟವು ಹೊರಬಿದ್ದುದು ಅನಂತರ, ೧೮೮೬ರಲ್ಲಿ. ಹೀಗಿರುವಲ್ಲಿ ಈ ನಾಡಿನ ಶಾಸನಶಾಸ್ತ್ರದ ಮೊದಲ ಗ್ರಂಥಗಳಲ್ಲೊಂದು ಕಲ್ಲನ್ನು ನೇರಾಗಿ ನೋಡಿ ಓದಿದ ಪಾಠಗಳಿಗಿಂತ, ಒಂದು ಮಸೂರದ ಮೂಲಕ ಹಾದುಬಂದ ಪಾಠಗಳ ಮೇಲೆ ನಿಂತಿದೆಯೆಂದು ಹೇಳಬೇಕಾಗುತ್ತದೆ.

ಆ ಬಳಿಕವೂ ಛಾಯಾಚಿತ್ರವು ಶಾಸನಶಾಸ್ತ್ರವನ್ನು ಬಿಟ್ಟಿಲ್ಲ. ‘ಕರ್ಣಾಟಕ ಕವಿಚರಿತೆ’ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ೧೯೦೬ರಿಂದ ೧೯೨೨ರವರೆಗೆ ಮೈಸೂರು ಪ್ರಾಕ್ತನ ವಿಮರ್ಶೆಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಕಾಲದಲ್ಲಿ ಹೊರಬಿದ್ದ ವಾರ್ಷಿಕ ವರದಿಗಳಲ್ಲಿಯೂ, ಅನಂತರ ಆರ್. ಶಾಮಾಶಾಸ್ತ್ರಿಗಳ ಮತ್ತು ಎಂ. ಎಚ್. ಕೃಷ್ಣ ಅವರ ಕಾಲದ ವರದಿಗಳಲ್ಲಿಯೂ ಚಿತ್ರಪಟಗಳು ಅಚ್ಚಾಗಿವೆ. ಕವಿಗಳ ಕಾಲನಿರ್ಣಯ, ಅರಸರ ವಂಶಾವಳಿ, ಊರುಗಳ ಪೂರ್ವನಾಮ, ಇವುಗಳೆಲ್ಲ ಎಷ್ಟೋ ವೇಳೆ ಒಂದೆರಡು ಅಕ್ಷರಗಳ ಓದಿನ ಮೇಲೆ ನಿಲ್ಲುತ್ತವೆಂಬುದು ವಿದ್ವಾಂಸರಿಗೆ ಸುವಿದಿತವಾದ ಸಂಗತಿ. ಆ ಅಕ್ಷರಗಳು ಚಿತ್ರದಲ್ಲಿ ಮಸುಕಾಗಿ ತೋರಿದಾಗ ಏಳುವ ಪ್ರಶ್ನೆ ಇದು: ಸವೆದದ್ದು ಕಲ್ಲೋ, ಸೋತದ್ದು ಮಸೂರವೋ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಹಳೆಯ ಫಲಕದ ಕ್ಯಾಮೆರಾಗಳಿಗೆ ಜೋಡಿಸುತ್ತಿದ್ದ ಮಸೂರಗಳ ಜಾತಿಗಳನ್ನೂ, ಅವುಗಳನ್ನು ಗುರುತಿಸುವ ಬಗೆಯನ್ನೂ, ಒಂದೊಂದು ಜಾತಿಗೆ ಸಹಜವಾದ ದೋಷಗಳನ್ನೂ ತಿಳಿದಿರಬೇಕು. ಈ ವಿಷಯವು ಕುಶಲಕರ್ಮಿಗಳ ವಿಷಯವೆಂದು ಸಾಹಿತ್ಯಾಭ್ಯಾಸಿಗಳು ದೂರವಿಡುವಂತಹದಲ್ಲ. ಹಸ್ತಪ್ರತಿಗಳನ್ನು ಪರಿಷ್ಕರಿಸುವವನು ಲಿಪಿಕಾರನ ಅಭ್ಯಾಸಗಳನ್ನು ಹೇಗೆ ತಿಳಿದಿರಬೇಕೋ ಹಾಗೆ ಚಿತ್ರದಿಂದ ಶಾಸನವನ್ನು ಓದುವವನು ಮಸೂರದ ಅಭ್ಯಾಸಗಳನ್ನು ತಿಳಿದಿರಬೇಕು. ಮಸೂರವೂ ಒಬ್ಬ ಲಿಪಿಕಾರನೇ.

ಹೆಸರಿನ ವಿಚಾರವಾಗಿ ಒಂದು ಮಾತು. ಮಸೂರವೆಂದರೆ ಚನ್ನಂಗಿ ಬೇಳೆ. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆಯು ಆ ಬೇಳೆಯ ಆಕಾರದಲ್ಲಿರುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಆ ಧಾನ್ಯದ ಹೆಸರಾದ ‘ಲೆನ್ಸ್’ ಎಂಬುದೇ ಅದಕ್ಕೆ ಬಂದಿತು. ನಮ್ಮ ಶಾಸ್ತ್ರಪರಿಭಾಷೆಯ ಶಬ್ದವೂ ಅದೇ ಹೋಲಿಕೆಯನ್ನು ಉಳಿಸಿಕೊಂಡಿದೆ. ಆದರೆ ಕ್ಯಾಮೆರಾದ ಮಸೂರವು ಒಂದೇ ಬಿಲ್ಲೆಯಾಗಿರುವುದು ಅಪೂರ್ವ. ಹಲವು ಕಾಚಗಳನ್ನು ಹಿತ್ತಾಳೆಯ ಕೊಳವೆಯೊಳಗೆ ಮುಂದೊಂದು ಹಿಂದೊಂದು ಘಟಕವಾಗಿ ಜೋಡಿಸಿ, ನಡುವೆ ಬೆಳಕಿನ ಕಿಂಡಿಯನ್ನು ಇಟ್ಟಿರುತ್ತಾರೆ. ಈ ಲೇಖನದಲ್ಲಿ ಒಂದೊಂದು ಗಾಜನ್ನು ಕಾಚವೆಂದೂ, ಇಡಿಯ ಜೋಡಣೆಯನ್ನು ಮಸೂರವೆಂದೂ ಕರೆದಿದೆ.

೨

ಮಸೂರಗಳ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದಾದರೆ, ಮೊದಲಿನದು ಭೂದೃಶ್ಯ ಮಸೂರ. ೧೮೧೨ರಲ್ಲಿ ವೊಲಸ್ಟನ್ ಸೂಚಿಸಿದ ಒಂದೇ ಬಾಗುಕಾಚದ ಕ್ರಮವನ್ನು ಎರಡು ಕಾಚಗಳ ಅಂಟುಜೋಡಿಯಾಗಿ ಮಾರ್ಪಡಿಸಿ, ೧೮೩೯ರಿಂದೀಚೆಗೆ ಕ್ಯಾಮೆರಾಗಳಿಗೆ ಹಾಕುತ್ತಿದ್ದರು. ಇದರ ಕಿಂಡಿಯು ಕಾಚದ ಮುಂದಿರುವುದರಿಂದ ಚಿತ್ರದ ಅಂಚಿನ ನೇರಗೆರೆಗಳು ಪೀಪಾಯಿಯ ಮಗ್ಗುಲಿನಂತೆ ಹೊರಕ್ಕೆ ಬಾಗುತ್ತವೆ. ಎರಡನೆಯದು ವಿಯೆನ್ನದ ಜೋಸೆಫ್ ಪೆಟ್ಜ್‌ವಾಲ್ ೧೮೪೦ರಲ್ಲಿ ಗಣಿತದಿಂದ ಸಾಧಿಸಿದ ಭಾವಚಿತ್ರ ಮಸೂರ. ಇದನ್ನು ಫೋಕ್ಟ್‌ಲ್ಯಾಂಡರ್ ಸಂಸ್ಥೆಯವರು ತಯಾರಿಸಿದರು. ಅದು ಬಹಳ ಬೆಳಕನ್ನು ಒಳಕ್ಕೆ ಬಿಡುತ್ತದೆ. ನಡುವೆ ಅತ್ಯಂತ ಸ್ಫುಟವಾಗಿ ಚಿತ್ರಿಸುತ್ತದೆ. ಆದರೆ ಅದರ ಬಿಂಬವು ಬಟ್ಟಲಿನಂತೆ ಬಾಗಿರುವುದರಿಂದ ಚಪ್ಪಟೆಯಾದ ಫಲಕದ ಅಂಚಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಮನುಷ್ಯನ ಮುಖಕ್ಕೆ ಇದು ಒಪ್ಪುತ್ತದೆ, ಶಾಸನದ ಕಲ್ಲಿಗೆ ಒಪ್ಪುವುದಿಲ್ಲ.

ಮೂರನೆಯ ಹಂತವು ೧೮೬೬ರದು. ಆ ವರ್ಷ ಲಂಡನ್ನಿನ ಡಾಲ್‌ಮೇಯರ್ ಮತ್ತು ಮ್ಯೂನಿಕ್ಕಿನ ಸ್ಟೈನ್‌ಹೈಲ್ ಇಬ್ಬರೂ ಹೆಚ್ಚು ಕಡಮೆ ಒಂದೇ ತೆರನಾದ ಮಸೂರವನ್ನು ಹೊರತಂದರು. ಡಾಲ್‌ಮೇಯರನದಕ್ಕೆ ರ್‍ಯಾಪಿಡ್ ರೆಕ್ಟಿಲಿನಿಯರ್ ಎಂದೂ, ಸ್ಟೈನ್‌ಹೈಲನದಕ್ಕೆ ಅಪ್ಲನಾಟ್ ಎಂದೂ ಹೆಸರು. ಕಿಂಡಿಯ ಎರಡು ಕಡೆಯೂ ಕನ್ನಡಿಯ ಬಿಂಬದಂತೆ ಒಂದೇ ಬಗೆಯ ಅಂಟುಜೋಡಿಯನ್ನು ಇಟ್ಟಿರುವುದರಿಂದ ಒಂದು ಕಡೆಯ ವಕ್ರತೆಯನ್ನು ಇನ್ನೊಂದು ಕಡೆಯದು ಸರಿತೂಗಿಸಿ, ನೇರಗೆರೆಯು ನೇರವಾಗಿಯೇ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಡಗಳ ಚಿತ್ರಗಳಿಗೆ ಇದು ಬಹಳವಾಗಿ ಬಳಕೆಯಲ್ಲಿತ್ತು.

ನಾಲ್ಕನೆಯ ಹಂತಕ್ಕೆ ಕಾರಣವಾದುದು ಹೊಸ ಗಾಜು. ೧೮೮೪ರಲ್ಲಿ ಯೇನಾ ಪಟ್ಟಣದಲ್ಲಿ ಷಾಟ್, ಆಬೆ ಮತ್ತು ಜೈಸ್ ಅವರು ಸ್ಥಾಪಿಸಿದ ಗಾಜಿನ ಕಾರ್ಖಾನೆಯಿಂದ ಬಂದ ಗಾಜುಗಳು ಬಿಂಬವನ್ನು ಚಪ್ಪಟೆಯಾಗಿಸಿ ಅಂಚಿನವರೆಗೂ ಸ್ಫುಟಗೊಳಿಸುವುದಕ್ಕೆ ನೆರವಾದುವು. ಪಾಲ್ ರುಡಾಲ್ಫನ ಪ್ರೋಟಾರ್ (೧೮೯೦), ಗೋರ್ಟ್ಸ್ ಸಂಸ್ಥೆಯ ಡಾಗೋರ್ (೧೮೯೨), ಡೆನ್ನಿಸ್ ಟೇಲರನ ಕುಕ್ ಟ್ರಿಪ್ಲೆಟ್ (೧೮೯೩), ಫೋಕ್ಟ್‌ಲ್ಯಾಂಡರ್ ಅವರ ಹೇಲಿಯಾರ್ (೧೯೦೦), ಜೈಸ್ ಅವರ ಟೆಸ್ಸಾರ್ (೧೯೦೨), ಇವು ಈ ಕುಲದ ಪ್ರಸಿದ್ಧ ಸಂತಾನಗಳು. ಇವುಗಳಿಗೆ ಅನಾಸ್ಟಿಗ್‌ಮ್ಯಾಟ್ ಎಂಬುದು ಸಾಮಾನ್ಯನಾಮ.

ಈ ಇಸವಿಗಳಿಂದ ಒಂದು ಪ್ರಯೋಜನವುಂಟು. ೧೮೬೫ರಲ್ಲಿ ತೆಗೆದ ಚಿತ್ರವು ರ್‍ಯಾಪಿಡ್ ರೆಕ್ಟಿಲಿನಿಯರಿನಿಂದ ತೆಗೆದುದಾಗಿರಲಾರದು. ಅದು ಭೂದೃಶ್ಯ ಮಸೂರ, ಪೆಟ್ಜ್‌ವಾಲ್, ಅಥವಾ ೧೮೬೧ರಲ್ಲಿ ಬಂದ ಡಾಲ್‌ಮೇಯರನ ಟ್ರಿಪಲ್ ಅಕ್ರೊಮ್ಯಾಟ್ ಮೊದಲಾದ ಹಳೆಯ ಪಂಗಡಗಳಲ್ಲೊಂದರ ಕೃತಿಯಾಗಿರಬೇಕು. ಆದುದರಿಂದ ಡಿಕ್ಸನ್ನನ ಚಿತ್ರಗಳ ಅಂಚಿನ ಅಕ್ಷರಗಳನ್ನು ಓದುವಾಗ ವಹಿಸಬೇಕಾದ ಎಚ್ಚರಿಕೆಯು, ೧೯೧೦ರ ಅನಾಸ್ಟಿಗ್‌ಮ್ಯಾಟ್ ಚಿತ್ರವೊಂದನ್ನು ಓದುವಾಗ ವಹಿಸುವ ಎಚ್ಚರಿಕೆಗಿಂತ ಬಹಳ ಹೆಚ್ಚಿನದು.

೩

ಮಸೂರವೇ ಕೈಗೆ ಸಿಕ್ಕಿದಾಗ ಅದನ್ನು ಗುರುತಿಸುವ ಬಗೆ ಹೇಗೆ? ಕೊಳವೆಯ ಮೇಲೆ ಕೊರೆದ ಹೆಸರು ಮೊದಲನೆಯ ಸಾಕ್ಷಿ; ಆದರೆ ಅದು ಪೂರ್ಣಪ್ರಮಾಣವಲ್ಲ. ಹಲವು ವೇಳೆ ಆ ಹೆಸರು ಮಾರಿದ ಅಂಗಡಿಯದಾಗಿರುತ್ತದೆ, ಮಾಡಿದವನದಲ್ಲ. ಪ್ರಸಿದ್ಧ ತಯಾರಕರ ಹೆಸರನ್ನು ಅಗ್ಗದ ಮಸೂರಗಳ ಮೇಲೆ ಕೆತ್ತಿ ಮಾರಿದುದೂ ಉಂಟು. ಕೆಲವು ಸಂಸ್ಥೆಗಳ ಕ್ರಮಸಂಖ್ಯೆಗಳಿಂದ ತಯಾರಾದ ಕಾಲವನ್ನು ಸ್ಥೂಲವಾಗಿ ತಿಳಿಯಬಹುದು. ‘ಡಿ. ಆರ್. ಪಿ.’ ಎಂಬ ಅಕ್ಷರಗಳು ಜರ್ಮನ್ ಪೇಟೆಂಟಿನ ಸಂಕೇತವೇ ಹೊರತು ತಯಾರಕನ ಹೆಸರಲ್ಲ.

ಇದಕ್ಕಿಂತ ಭದ್ರವಾದ ಸಾಕ್ಷಿಯು ಕಾಚಗಳ ಒಳಗೇ ಇದೆ. ಕತ್ತಲೆಯ ಕೋಣೆಯಲ್ಲಿ ಒಂದು ಸಣ್ಣ ದೀಪವನ್ನು ಹಿಂದುಗಡೆ ಹಿಡಿದು, ಮಸೂರದ ಒಂದು ಘಟಕವನ್ನು ಓರೆಯಾಗಿ ನೋಡಿದರೆ, ಅದರ ಮೇಲ್ಮೈಗಳಲ್ಲಿ ದೀಪದ ಪ್ರತಿಬಿಂಬಗಳು ಕಾಣಿಸುತ್ತವೆ. ಗಾಜೂ ಗಾಳಿಯೂ ಸೇರುವ ಪ್ರತಿಯೊಂದು ಮೈಯೂ ಒಂದು ಉಜ್ವಲವಾದ ಪ್ರತಿಬಿಂಬವನ್ನು ಕೊಡುತ್ತದೆ; ಎರಡು ಕಾಚಗಳನ್ನು ಬಾಲ್ಸಮ್ ಅಂಟಿನಿಂದ ಕೂಡಿಸಿರುವ ಮೈಯು ಮಸುಕಾದ ಒಂದನ್ನು ಕೊಡುತ್ತದೆ. ಇವುಗಳನ್ನು ಎಣಿಸಿದರೆ ಮಸೂರದ ಜಾತಿ ಗೊತ್ತಾಗುತ್ತದೆ.

ಎರಡು ಘಟಕಗಳಲ್ಲಿಯೂ ಎರಡೆರಡು ಉಜ್ವಲ, ಒಂದೊಂದು ಮಸುಕು ಕಂಡರೆ ಅದು ರ್‍ಯಾಪಿಡ್ ರೆಕ್ಟಿಲಿನಿಯರ್ ಅಥವಾ ಅದರ ಬಳಗ. ಎರಡೆರಡು ಉಜ್ವಲ, ಎರಡೆರಡು ಮಸುಕು ಕಂಡರೆ ಒಂದೊಂದು ಘಟಕದಲ್ಲಿ ಮೂರು ಕಾಚಗಳನ್ನು ಅಂಟಿಸಿದೆಯೆಂದರ್ಥ. ಅದು ಡಾಗೋರ್ ಪಂಗಡ. ಮುಂದಿನ ಘಟಕದಲ್ಲಿ ಎರಡು ಉಜ್ವಲ ಮತ್ತು ಒಂದು ಮಸುಕು, ಹಿಂದಿನದರಲ್ಲಿ ನಾಲ್ಕು ಉಜ್ವಲವಾದರೆ ಪೆಟ್ಜ್‌ವಾಲ್. ಅದಕ್ಕೆ ತಿರುವುಮುರುವಾಗಿ, ಮುಂದೆ ನಾಲ್ಕು ಉಜ್ವಲ, ಹಿಂದೆ ಎರಡು ಉಜ್ವಲ ಮತ್ತು ಒಂದು ಮಸುಕಾದರೆ ಟೆಸ್ಸಾರ್. ಎಲ್ಲಿಯೂ ಮಸುಕಿಲ್ಲದೆ ಒಟ್ಟು ಆರು ಉಜ್ವಲವಾದರೆ ಟ್ರಿಪ್ಲೆಟ್. ನಾಲ್ಕು ನಾಲ್ಕರಂತೆ ಎಂಟಾದರೆ ಬಿಡಿಕಾಚಗಳ ಸಮರೂಪ ಮಸೂರ, ಗೋರ್ಟ್ಸ್ ಅವರ ಸೆಲೋರಿನಂತಹದು. ಹೆಸರು ಅಳಿಸಿಹೋದ ಮಸೂರಕ್ಕೂ ಈ ಪರೀಕ್ಷೆ ಸಲ್ಲುತ್ತದೆ. ಸುಳ್ಳು ಹೆಸರನ್ನು ಹೊತ್ತ ಮಸೂರವು ಇದರಿಂದ ಬಯಲಾಗುತ್ತದೆ.

ಎರಡನೆಯದಾಗಿ ನಾಭಿದೂರವನ್ನು ಗೊತ್ತುಮಾಡಬೇಕು. ಒಂದು ಅಳತೆಪಟ್ಟಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಹಿಂದಿನ ಮಸುಕುಗಾಜಿನ ಮೇಲೆ ಅದರ ಬಿಂಬವು ಮೂಲದಷ್ಟೇ ಗಾತ್ರವಾಗುವವರೆಗೆ ತಿದಿಯನ್ನು ಎಳೆದು ಹೊಂದಿಸಿದರೆ, ಪಟ್ಟಿಗೂ ಮಸುಕುಗಾಜಿಗೂ ಇರುವ ದೂರವು ನಾಭಿದೂರದ ನಾಲ್ಕರಷ್ಟಿರುತ್ತದೆ. ಆ ದೂರವು ೩೪ ಅಂಗುಲವಾದರೆ ನಾಭಿದೂರ ೮½ ಅಂಗುಲ. ನಾಭಿದೂರವು ಫಲಕದ ಕರ್ಣದಷ್ಟಿರುವುದು ಸಾಧಾರಣವಾದ ನಿಯಮ. ಪೂರ್ಣಫಲಕ, ಎಂದರೆ ೬½ × ೮½ ಅಂಗುಲದ್ದರ ಕರ್ಣ ೧೦.೭ ಅಂಗುಲ, ೪¾ × ೬½ ಅಂಗುಲದ ಅರ್ಧಫಲಕದ್ದು ಸುಮಾರು ೮, ೩¼ × ೪¼ ಅಂಗುಲದ ಕಾಲುಫಲಕದ್ದು ಸುಮಾರು ೫⅓. ಅರ್ಧಫಲಕದ ಕ್ಯಾಮೆರಾದಲ್ಲಿ ೫ ಅಂಗುಲದ ಮಸೂರ ಕಂಡುಬಂದರೆ, ಅದು ವಿಶಾಲಕೋನದ ಮಸೂರವೋ, ಬೇರೆ ಕ್ಯಾಮೆರಾದಿಂದ ತಂದು ಜೋಡಿಸಿದುದೋ ಎಂದು ವಿಚಾರಿಸಬೇಕು.

ಮೂರನೆಯದು ಕಿಂಡಿಯ ಅಂಕಗಳು. ಇಲ್ಲಿ ಅನುಭವಸ್ಥರೂ ಮೋಸಹೋಗುವುದುಂಟು. ಈಗಿನ ಎಫ್ ಅಂಕವೆಂದರೆ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದ ಲಬ್ಧ. ಆದರೆ ೧೮೮೧ರಲ್ಲಿ ಲಂಡನ್ನಿನ ಛಾಯಾಚಿತ್ರ ಸಂಘವು ‘ಯು. ಎಸ್.’ ಎಂಬ ಏಕರೂಪಕ್ರಮವನ್ನು ಪ್ರಚಾರಕ್ಕೆ ತಂದಿತು. ಈ ಅಕ್ಷರಗಳಿಗೆ ಅಮೆರಿಕ ದೇಶದ ಸಂಬಂಧವಿಲ್ಲ. ಅದರಲ್ಲಿ ಎಫ್/೪ಕ್ಕೆ ೧, ಎಫ್/೫.೬ಕ್ಕೆ ೨, ಎಫ್/೮ಕ್ಕೆ ೪, ಎಫ್/೧೧ಕ್ಕೆ ೮, ಎಫ್/೧೬ಕ್ಕೆ ೧೬, ಎಫ್/೨೨ಕ್ಕೆ ೩೨, ಎಫ್/೩೨ಕ್ಕೆ ೬೪. ಎರಡು ಕ್ರಮಗಳೂ ೧೬ರಲ್ಲಿ ಮಾತ್ರ ಕೂಡುತ್ತವೆ. ಅಂಕಗಳು ಒಂದಕ್ಕೊಂದು ಇಮ್ಮಡಿಯಾಗುತ್ತ ಹೋದರೆ ಅದು ಏಕರೂಪಕ್ರಮವೆಂದು ತಿಳಿಯಬೇಕು. ರ್‍ಯಾಪಿಡ್ ರೆಕ್ಟಿಲಿನಿಯರಿನ ಗರಿಷ್ಠ ಕಿಂಡಿಯು ಸಾಮಾನ್ಯವಾಗಿ ಎಫ್/೮. ಅದರ ಮೇಲೆ ೪ ಎಂದು ಬರೆದಿದ್ದರೆ ಅದು ಎಫ್/೪ ಅಲ್ಲ. ಇನ್ನು ಬಲು ಹಳೆಯ ಕೊಳವೆಗಳ ಮಗ್ಗುಲಲ್ಲಿ ಬರಿಯ ಒಂದು ಸೀಳು ಇರುತ್ತದೆ. ಅದರೊಳಕ್ಕೆ ತೂತುಳ್ಳ ಹಿತ್ತಾಳೆಯ ತಗಡುಗಳನ್ನು ಇಳಿಬಿಡುತ್ತಿದ್ದರು. ೧೮೫೮ರಲ್ಲಿ ಜಾನ್ ವಾಟರ್‌ಹೌಸ್ ತೋರಿಸಿಕೊಟ್ಟ ಉಪಾಯವಿದು. ಆ ತಗಡುಗಳು ಬಹುಮಟ್ಟಿಗೆ ಕಳೆದುಹೋಗಿರುವುದರಿಂದ ಕಪ್ಪು ದಪ್ಪಕಾಗದದಲ್ಲಿ ಅಳತೆಗೆ ಸರಿಯಾಗಿ ತೂತುಮಾಡಿ ಬಳಸಬಹುದು.

೪

ಇನ್ನು ಪ್ರಕೃತ ವಿಷಯಕ್ಕೆ ಬರುವುದಾದರೆ, ಹಳೆಯ ಫಲಕವೊಂದರಲ್ಲಿ ಮಸೂರದ ದೋಷವನ್ನು ಕಲ್ಲಿನ ಸವೆತದಿಂದ ಬೇರ್ಪಡಿಸುವುದು ಹೇಗೆಂಬುದನ್ನು ವಿಚಾರಿಸಬೇಕು. ೫ ಅಡಿ ಎತ್ತರದ ಒಂದು ವೀರಗಲ್ಲನ್ನು ಅರ್ಧಫಲಕದ ಮೇಲೆ ೬ ಅಂಗುಲವಾಗಿ ಚಿತ್ರಿಸಿದರೆ ಪ್ರಮಾಣವು ಹತ್ತಕ್ಕೆ ಒಂದು. ಒಂದಂಗುಲದ ಅಕ್ಷರವು ಫಲಕದ ಮೇಲೆ ಅಂಗುಲದ ಹತ್ತನೆಯ ಒಂದು ಪಾಲು. ಕಾಲಂಗುಲದ ಅನುಸ್ವಾರವು ನಲವತ್ತನೆಯ ಒಂದು ಪಾಲು. ಅಂಚಿನಲ್ಲಿ ಮಸೂರವು ಪ್ರತಿಯೊಂದು ಬಿಂದುವನ್ನೂ ಅಂಗುಲದ ಐವತ್ತನೆಯ ಒಂದು ಪಾಲಿನಷ್ಟು ಹರಡಿದರೂ ಸಾಕು, ಆ ಅನುಸ್ವಾರವು ಲುಪ್ತವಾಗುತ್ತದೆ. ದ, ಧ, ಥಗಳಂತೆ ಒಂದು ಸೀಳಿನಿಂದ ಅಥವಾ ಒಂದು ಬಿಂದುವಿನಿಂದ ಮಾತ್ರ ಭೇದಗೊಳ್ಳುವ ಅಕ್ಷರಗಳು ಒಂದಾಗುತ್ತವೆ. ಸಾಲಿನ ಮೊದಲೂ ಕೊನೆಯೂ ಫಲಕದ ಅಂಚಿಗೆ ಬೀಳುವುದರಿಂದ ನಷ್ಟವು ಅಲ್ಲಿಯೇ ಹೆಚ್ಚು. ಸಾಲಿನ ಕೊನೆಯ ಅಕ್ಷರ ಸವೆದಿದೆಯೆಂದು ಚಿತ್ರವನ್ನು ನೋಡಿ ಬರೆಯುವವನು ಮೊದಲು ಮಸೂರವನ್ನು ಸಂಶಯಿಸಬೇಕು.

ಇದಕ್ಕೆ ಒಂದು ಸುಲಭವಾದ ಒರೆಗಲ್ಲುಂಟು. ಮಸೂರದ ದೋಷವು ಬಿಂಬದ ಕೇಂದ್ರದಿಂದ ಹೊರಕ್ಕೆ ಸರಿದಂತೆ ಸುತ್ತಲೂ ಸಮನಾಗಿ ಬೆಳೆಯುತ್ತದೆ. ಮಳೆಗಾಳಿಗಳ ಸವೆತಕ್ಕೆ ಕೇಂದ್ರವೆಂಬುದಿಲ್ಲ. ನಾಲ್ಕು ಮೂಲೆಗಳಲ್ಲಿಯೂ ಅಕ್ಷರಗಳು ಒಂದೇ ಪ್ರಮಾಣದಲ್ಲಿ ಮಂಕಾಗಿ, ನಡುವೆ ಸ್ಫುಟವಾಗಿದ್ದರೆ ಅದು ಮಸೂರದ ಕೆಲಸ. ಒಂದು ಮೂಲೆ ಮಾತ್ರ ಮಂಕಾಗಿದ್ದರೆ ಕಲ್ಲಿನ ಸವೆತವೆಂದೋ, ಕ್ಯಾಮೆರಾದ ಬೆನ್ನು ಕಲ್ಲಿಗೆ ಸಮಾಂತರವಾಗಿರಲಿಲ್ಲವೆಂದೋ ಊಹಿಸಬೇಕು. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಅಚ್ಚಾದ ಚಿತ್ರವು ಕತ್ತರಿಸಿದುದಾಗಿರಬಹುದು. ಆಗ ಚಿತ್ರದ ನಡುವು ಫಲಕದ ನಡುವಾಗಿರುವುದಿಲ್ಲ. ಎತ್ತರವಾದ ಕಲ್ಲನ್ನು ಚಿತ್ರಿಸುವಾಗ ಮಸೂರದ ಹಲಗೆಯನ್ನು ಮೇಲಕ್ಕೆ ಸರಿಸುವ ವಾಡಿಕೆಯಿದ್ದುದರಿಂದ ಬಿಂಬದ ಕೇಂದ್ರವು ಫಲಕದ ಕೇಂದ್ರವನ್ನು ಬಿಟ್ಟು ಸರಿದಿರುವುದೂ ಉಂಟು. ಆದುದರಿಂದ ಸಾಧ್ಯವಾದೆಡೆಯಲ್ಲೆಲ್ಲ ಮೂಲ ಗಾಜುಫಲಕವನ್ನೇ ನೋಡಬೇಕು.

ವರ್ಣದ ವಿಷಯವು ಇನ್ನೊಂದು. ಹಳೆಯ ಸಾಧಾರಣ ಫಲಕಗಳಿಗೆ ನೀಲಿ ಮತ್ತು ನೇರಳೆಯ ಬೆಳಕು ಮಾತ್ರ ತಾಕುತ್ತಿತ್ತು. ೧೮೭೩ರಲ್ಲಿ ಫೋಗೆಲ್ ಕಂಡುಹಿಡಿದ ಬಣ್ಣಗಟ್ಟುವ ಕ್ರಮದಿಂದ ಅವು ಹಸುರನ್ನು ಗ್ರಹಿಸುವಂತಾದುವು. ಕೆಂಪನ್ನೂ ಗ್ರಹಿಸುವ ಫಲಕಗಳು ೧೯೦೬ರಿಂದೀಚೆಗೆ ಅಂಗಡಿಗಳಲ್ಲಿ ದೊರೆಯತೊಡಗಿದುವು. ಪೂಜೆಗೊಳ್ಳುವ ಕಲ್ಲಿನ ಮೇಲಿನ ಕುಂಕುಮವೂ ಅರಸಿನವೂ ಮೊದಲ ಬಗೆಯ ಫಲಕದಲ್ಲಿ ಕಪ್ಪಾಗಿ ಬರುತ್ತವೆ. ಅವು ಕೊರೆದ ಅಕ್ಷರದ ನೆರಳಿನೊಡನೆ ಬೆರೆತು ಇಲ್ಲದ ಗೆರೆಗಳನ್ನು ಕಲ್ಪಿಸಬಹುದು. ಇದಕ್ಕೆ ಮಸೂರವೂ ಜೊತೆಗೂಡುತ್ತದೆ. ಕೆಲವು ಆದಿಕಾಲದ ಮಸೂರಗಳಲ್ಲಿ ಕಣ್ಣಿಗೆ ಕಾಣುವ ಹಳದಿಯ ಬೆಳಕಿನ ನಾಭಿಯೂ, ಫಲಕಕ್ಕೆ ತಾಕುವ ನೇರಳೆಯ ಬೆಳಕಿನ ನಾಭಿಯೂ ಒಂದೇ ಸ್ಥಾನದಲ್ಲಿ ಬೀಳುತ್ತಿರಲಿಲ್ಲ. ಮಸುಕುಗಾಜಿನ ಮೇಲೆ ಸ್ಫುಟವಾಗಿದ್ದ ಬರೆಹವು ಫಲಕದಲ್ಲಿ ಮಂಕಾಗುವುದಕ್ಕೆ ಇದೂ ಒಂದು ಕಾರಣ. ಅಂತಹ ಚಿತ್ರದಲ್ಲಿ ಬರೆಹಕ್ಕಿಂತ ಅದರ ಮುಂದಿನ ನೆಲವೋ, ಹಿಂದಿನ ಗೋಡೆಯೋ ಹೆಚ್ಚು ಸ್ಫುಟವಾಗಿರುತ್ತದೆ.

೫

ಈ ವಿವೇಚನೆಯ ಅಗತ್ಯವು ಬೆಂಗಳೂರಿನ ಹೊರವಲಯದಲ್ಲಿ ಇಂದು ಎಷ್ಟಿದೆಯೋ ಅಷ್ಟು ಬೇರೆಡೆಯಲ್ಲಿರಲಾರದು. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ಣಾಟಿಕ’ದ ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದಾಗ ವೈಟ್‌ಫೀಲ್ಡ್ ೧೮೮೨ರಲ್ಲಿ ಹುಟ್ಟಿದ ಒಂದು ಚಿಕ್ಕ ವಸತಿಯಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಕಲ್ಪನೆಯು ಬಂದುದು ೧೯೭೦ರ ದಶಕದಲ್ಲಿ. ಪೀಣ್ಯದ ಕೈಗಾರಿಕಾ ಪ್ರದೇಶವೂ ಆ ದಶಕದ್ದೇ. ಈ ಮೂರು ವಲಯಗಳು ಹಬ್ಬಿರುವ ನೆಲವು ಗಂಗರ, ಚೋಳರ, ಹೊಯ್ಸಳರ ಕಾಲದ ಊರುಗಳ ಮತ್ತು ಕೆರೆಗಳ ನೆಲ. ವೈಟ್‌ಫೀಲ್ಡಿಗೆ ಹೊಂದಿಕೊಂಡ ಕಾಡುಗೋಡಿಯಲ್ಲಿ ಪಟ್ಟಂದೂರು ಕೆರೆಯ ನಿರ್ಮಾಣವನ್ನು ತಿಳಿಸುವ, ೧೦೪೩ನೆಯ ಇಸವಿಯ ಚೋಳರ ಕಾಲದ ಶಾಸನವಿದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು ಸುಮಾರು ೮೯೦ನೆಯ ಇಸವಿಯದು. ಬೆಂಗಳೂರಿನಲ್ಲಿ ನಡೆದ ಕಾಳೆಗವನ್ನು ಹೇಳುತ್ತ, ಆ ಊರ ಹೆಸರನ್ನು ಕೆಂಪೇಗೌಡನಿಗಿಂತ ಆರು ಶತಮಾನಗಳಿಗೂ ಹಿಂದೆಯೇ ಅದು ಉಚ್ಚರಿಸುತ್ತದೆ. ಬೇಗೂರಿನದೇ ಆದ ಇನ್ನೊಂದು ವೀರಗಲ್ಲು, ನಾಗತ್ತರನು ತುಂಬೆಪಾಡಿಯಲ್ಲಿ ಕಾದಿದುದನ್ನು ತಿಳಿಸುವ, ಶಿಲ್ಪಸಮೃದ್ಧವಾದ ಕಲ್ಲು. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ.

ಬೇಗೂರಿನ ಕಲ್ಲುಗಳು ಉಳಿದವು. ಆದರೆ ಒಂಬತ್ತನೆಯ ಸಂಪುಟದಲ್ಲಿ ಪಾಠವು ಅಚ್ಚಾಗಿರುವ ಶಾಸನಗಳಲ್ಲಿ ಹಲವನ್ನು ಈಗ ಆಯಾ ಊರಿಗೆ ಹೋಗಿ ಹುಡುಕಿದರೆ ಕಾಣುವುದಿಲ್ಲ. ಬಡಾವಣೆಗಳು, ರಸ್ತೆಗಳು, ಕಾರ್ಖಾನೆಗಳು ಏಳುವಾಗ ಅವು ತಳಪಾಯಕ್ಕೋ, ಚರಂಡಿಗೋ ಸಂದುಹೋದುವು. ಅಂತಹ ಕಲ್ಲಿಗೆ ಮಸಿಯಚ್ಚಾಗಲಿ ಫಲಕವಾಗಲಿ ಉಳಿದಿದ್ದರೆ ಅದೇ ಕಲ್ಲಿನ ಪ್ರತಿನಿಧಿ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಣ ಶಾಸನಗಳನ್ನು ಬೆಳಕಿನಿಂದ ಅಳೆದು ಮೂರು ಆಯಾಮಗಳ ಅಂಕೀಯ ಪ್ರತಿಗಳನ್ನು ಮಾಡುವ ಸ್ತುತ್ಯವಾದ ಕಾರ್ಯವನ್ನು ಕೈಗೊಂಡಿದ್ದಾರೆ. ಉಳಿದ ಕಲ್ಲುಗಳಿಗೆ ಅದಕ್ಕಿಂತ ಉತ್ತಮವಾದ ರಕ್ಷೆಯಿಲ್ಲ. ಅಳಿದ ಕಲ್ಲುಗಳಿಗೆ ಮಾತ್ರ ಆ ಯಂತ್ರದಿಂದ ನೇರವಾದ ಪ್ರಯೋಜನವಿಲ್ಲ.

ಪರೋಕ್ಷವಾದ ಪ್ರಯೋಜನವೊಂದುಂಟು, ಅದನ್ನು ವಿದ್ವಾಂಸರು ಗಮನಿಸಬೇಕು. ಒಂದೇ ಕ್ಯಾಮೆರಾದಿಂದ, ಒಂದೇ ಸಂಚಾರದಲ್ಲಿ ತೆಗೆದ ಫಲಕಗಳ ಗುಂಪಿನಲ್ಲಿ ಕೆಲವು ಕಲ್ಲುಗಳು ಉಳಿದಿದ್ದು ಕೆಲವು ಅಳಿದಿದ್ದರೆ, ಉಳಿದ ಕಲ್ಲಿನ ಅಂಕೀಯ ಪ್ರತಿಯನ್ನು ಹಳೆಯ ಫಲಕದ ಪಕ್ಕದಲ್ಲಿಟ್ಟು ಮಸೂರವು ಎಲ್ಲೆಲ್ಲಿ ಎಷ್ಟೆಷ್ಟು ಬಾಗಿಸಿದೆ, ಎಲ್ಲೆಲ್ಲಿ ಮಂಕುಮಾಡಿದೆ ಎಂಬುದನ್ನು ಅಳೆಯಬಹುದು. ಕಲ್ಲಿನ ಅಂಚು, ಶಿಲ್ಪದ ಚೌಕಟ್ಟು, ಆಳವಾಗಿ ಕೊರೆದ ಅಕ್ಷರಗಳು, ಇವು ನೂರು ವರ್ಷಗಳಲ್ಲಿ ಬಹಳವಾಗಿ ಸ್ಥಾನ ಬದಲಿಸುವುದಿಲ್ಲವಷ್ಟೆ. ಹೀಗೆ ಅಳೆದು ತಿಳಿದ ದೋಷವನ್ನು ಅದೇ ಗುಂಪಿನ, ಅಳಿದ ಕಲ್ಲುಗಳ ಫಲಕಗಳಿಗೆ ಅನ್ವಯಿಸಿದರೆ ಅವುಗಳ ಪಾಠವನ್ನು ತಿದ್ದಿ ಓದುವುದು ಸಾಧ್ಯವಾಗುತ್ತದೆ. ಉಳಿದ ಕಲ್ಲು ಅಳಿದ ಕಲ್ಲಿಗೆ ಸಾಕ್ಷಿ ಹೇಳುತ್ತದೆ. ಆದರೆ ಎರಡು ಫಲಕಗಳೂ ಒಂದೇ ಮಸೂರದವೆಂದು ಮೊದಲು ಸ್ಥಾಪಿಸದೆ ಈ ಕ್ರಮವನ್ನು ಅನುಸರಿಸಲಾಗದು. ಮಸೂರಗಳನ್ನು ಗುರುತಿಸುವ ವಿದ್ಯೆಯ ಬೆಲೆಯು ಇಲ್ಲಿ ವ್ಯಕ್ತವಾಗುತ್ತದೆ.

೬

ಹಳೆಯ ಮಸೂರಗಳ ಗುಣದೋಷಗಳನ್ನು ಪ್ರತ್ಯಕ್ಷವಾಗಿ ತಿಳಿಯಲು ಅವುಗಳನ್ನು ಬಳಸಿ ನೋಡುವುದೇ ಉತ್ತಮವಾದ ಮಾರ್ಗ. ಕಾಲೇಜುಗಳಲ್ಲಿಯೂ, ಹಳೆಯ ಮನೆಗಳಲ್ಲಿಯೂ ಫಲಕದ ಕ್ಯಾಮೆರಾಗಳು ಧೂಳು ಹಿಡಿದು ಕುಳಿತಿರುವುದು ಅಪೂರ್ವವಲ್ಲ. ಅಂತಹುದನ್ನು ಹೊರತೆಗೆದಾಗ ಮೊದಲು ಪರೀಕ್ಷಿಸಬೇಕಾದುದು ಕಾಚಗಳ ಸ್ಥಿತಿ. ಮಳೆಗಾಲದ ತೇವದಲ್ಲಿ ಬೆಳೆದ ಬೂಷ್ಟು ಜೇಡರ ಬಲೆಯಂತೆ ತೋರುತ್ತದೆ. ಬಾಲ್ಸಮ್ ಅಂಟು ಬಿಟ್ಟಿದ್ದರೆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳೋ, ಹಳದಿಯ ಕಲೆಯೋ ಕಾಣುತ್ತದೆ. ಒರಟು ಬಟ್ಟೆಯಿಂದ ಉಜ್ಜಿದರೆ ಕಾಚವು ಕೆಡುವುದು. ಹಿಂದೆ ಯಾರಾದರೂ ಬಿಚ್ಚಿ ಶುಚಿಮಾಡುವಾಗ ಕಾಚಗಳನ್ನು ತಿರುಗುಮುರುಗಾಗಿ ಕೂಡಿಸಿರುವುದುಂಟು. ಪೆಟ್ಜ್‌ವಾಲಿನ ಹಿಂದಿನ ಘಟಕದಲ್ಲಿ ಇದು ವಿಶೇಷ. ನಡುವೆಯೂ ಸ್ಫುಟತೆಯಿಲ್ಲದಿದ್ದರೆ ಈ ಅನುಮಾನವನ್ನು ಮೊದಲು ಪರಿಹರಿಸಿಕೊಳ್ಳಬೇಕು.

ಮಸೂರವನ್ನು ಹಲಗೆಗೆ ಬಿಗಿಯುವ ತಿರುಪಿನ ಬಳೆಯು ಎಷ್ಟೋ ವೇಳೆ ಕಳೆದುಹೋಗಿರುತ್ತದೆ. ಒಬ್ಬೊಬ್ಬ ತಯಾರಕನ ತಿರುಪಿನ ಎಳೆಯೂ ಬೇರೆ ಬೇರೆಯಾದುದರಿಂದ ಒಂದರ ಬಳೆ ಮತ್ತೊಂದಕ್ಕೆ ಹೊಂದುವುದಿಲ್ಲ. ಪೀಣ್ಯದಲ್ಲಿರುವಂತಹ ಚಿಕ್ಕ ಯಂತ್ರಶಾಲೆಗಳ ಚರಕಿಯ ಕೆಲಸಗಾರರು, ಕೊಳವೆಯನ್ನೇ ಮಾದರಿಯಾಗಿ ಕೊಟ್ಟರೆ, ಅದರ ಎಳೆಯನ್ನು ಅಳೆದು ಹೊಸ ಬಳೆಯನ್ನು ಕಡೆಯಬಲ್ಲರು. ಕೊಳವೆಯ ಎಳೆಯನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಕಡೆಯಿಸಕೂಡದು.

ಶಾಸನದ ಕಲ್ಲಿಗೆ ಯಾವ ಮಸೂರ ತಕ್ಕದ್ದು? ಹೊಳಪು ತಡೆಯುವ ಲೇಪನವು ೧೯೩೫ರಲ್ಲಿ ಜೈಸ್ ಸಂಸ್ಥೆಯ ಸ್ಮಾಕುಲನ ಶೋಧನೆಯಿಂದ ಬಂದುದು. ಅದಕ್ಕಿಂತ ಹಳೆಯ ಮಸೂರಗಳಲ್ಲಿ ಗಾಳಿಗೆ ತೆರೆದ ಒಂದೊಂದು ಮೈಯೂ ನೂರಕ್ಕೆ ಸುಮಾರು ೪ರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಎಂಟು ಮೈಗಳ ಮಸೂರವು ಹೀಗೆ ನೂರರಲ್ಲಿ ೭೨ರಷ್ಟನ್ನೂ, ನಾಲ್ಕೇ ಮೈಗಳ ಡಾಗೋರ್ ಅಥವಾ ರ್‍ಯಾಪಿಡ್ ರೆಕ್ಟಿಲಿನಿಯರ್ ೮೫ರಷ್ಟನ್ನೂ ಒಳಕ್ಕೆ ಬಿಡುತ್ತವೆ. ಕಳೆದ ಬೆಳಕು ಸುಮ್ಮನೆ ಹೋಗದು. ಅದರಲ್ಲಿ ಒಂದು ಭಾಗವು ಕಾಚಗಳ ನಡುವೆ ಪುಟನೆಗೆದು ಫಲಕದ ಮೇಲೆಲ್ಲ ತೆಳುವಾದ ಮಂಜಿನಂತೆ ಹರಡುತ್ತದೆ. ಆಳವಿಲ್ಲದೆ ಕೊರೆದ ಅಕ್ಷರದ ನೆರಳು ಆ ಮಂಜಿನಲ್ಲಿ ಮುಳುಗುತ್ತದೆ. ಆದುದರಿಂದ ಸವೆದ ಕಲ್ಲಿಗೆ ಮೈಗಳು ಕಡಮೆಯಿರುವ, ಸಮರೂಪವುಳ್ಳ, ಅಂಟುಕಾಚಗಳ ಮಸೂರವೇ ಶ್ರೇಷ್ಠ. ಅವುಗಳಲ್ಲಿ ಡಾಗೋರ್ ಪಂಗಡದ್ದು ಅಂಚಿನವರೆಗೂ ನಂಬಿಕೆಗೆ ಅರ್ಹವಾದುದು. ಯಾವ ಮಸೂರವೇ ಆಗಲಿ, ಆಕಾಶದ ಬೆಳಕು ಮುಂಗಾಚಕ್ಕೆ ಬೀಳದಂತೆ ಕಪ್ಪು ರಟ್ಟಿನ ಮರೆಯನ್ನು ಹಿಡಿಯಬೇಕು. ಸಮರೂಪ ಮಸೂರದ ಮುಂದಿನ ಘಟಕವನ್ನು ಬಿಚ್ಚಿ ಹಿಂದಿನದೊಂದನ್ನೇ ಬಳಸಿದರೆ ನಾಭಿದೂರವು ಸುಮಾರು ಇಮ್ಮಡಿಯಾಗುವುದು ನಿಜ. ಆದರೆ ಕಿಂಡಿಯ ಅಂಕಗಳು ಸುಳ್ಳಾಗುತ್ತವೆ, ನೇರಗೆರೆಯು ನೇರವಾಗಿ ಉಳಿಯುವ ಗುಣವೂ ಹೋಗುತ್ತದೆ. ಶಾಸನಕ್ಕೆ ಆ ಉಪಾಯವು ಸಲ್ಲದು.

ಚಿತ್ರವನ್ನು ತೆಗೆಯುವ ವೇಳೆಯು ಬೆಳಗ್ಗೆ ಅಥವಾ ಸಂಜೆ, ಬಿಸಿಲು ಕಲ್ಲಿನ ಮೈಯನ್ನು ಓರೆಯಾಗಿ ಸವರುವಾಗ. ಕ್ಯಾಮೆರಾದ ಬೆನ್ನು ಕಲ್ಲಿಗೆ ಸಮಾಂತರವಾಗಿರಬೇಕು. ಕಲ್ಲಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ, ತೂಕ ಕಟ್ಟಿದ ಒಂದು ನೂಲನ್ನೂ ಇಳಿಬಿಟ್ಟರೆ ಮಸೂರವು ಎಷ್ಟು ಬಾಗಿಸಿತೆಂಬುದಕ್ಕೆ ಚಿತ್ರದಲ್ಲಿಯೇ ಸಾಕ್ಷಿ ಉಳಿಯುತ್ತದೆ. ಕಿಂಡಿಯನ್ನು ಎಫ್/೧೬ ಅಥವಾ ಎಫ್/೨೨ಕ್ಕೆ ಕಿರಿದುಮಾಡಿ, ಕಿರಿದುಮಾಡಿದ ಬಳಿಕವೇ ಮಸುಕುಗಾಜಿನಲ್ಲಿ ನಾಭಿಯನ್ನು ಮತ್ತೆ ನೋಡಬೇಕು. ಹಳೆಯ ಮಸೂರಗಳಲ್ಲಿ ಕಿಂಡಿಯೊಡನೆ ನಾಭಿಯೂ ತುಸು ಸರಿಯುತ್ತದೆ. ಷಟರು ಇಲ್ಲದಿದ್ದರೆ ಚಿಂತೆಯಿಲ್ಲ. ಐ. ಎಸ್. ಒ. ೨೫ರ ಮಂದವಾದ ಫಲಕಕ್ಕೆ ಪೂರ್ಣ ಬಿಸಿಲಿನಲ್ಲಿ ಎಫ್/೧೬ರಲ್ಲಿ ಸೆಕೆಂಡಿನ ೨೫ರಲ್ಲೊಂದು ಪಾಲು ಸಾಕಾದರೆ, ಎಫ್/೩೨ರಲ್ಲಿ ಅದರ ನಾಲ್ಮಡಿ. ಬೆಳಕು ಎಂಟರಲ್ಲೊಂದು ಪಾಲಾಗಿರುವ ನೆರಳಿನಲ್ಲಿ ಅದರ ಎಂಟ್ಮಡಿ, ಎಂದರೆ ಒಂದೂಕಾಲು ಸೆಕೆಂಡಿಗೂ ತುಸು ಹೆಚ್ಚು. ಅಷ್ಟು ಹೊತ್ತು ಮಸೂರದ ಮುಚ್ಚಳವನ್ನು ತೆಗೆದು ಹಾಕುವುದು ಕೈಯಿಂದಲೇ ಸಾಧ್ಯ.

೭

ಗಾಜುಫಲಕಗಳನ್ನು ಕಾಪಾಡಿರುವ ಸಂಸ್ಥೆಗಳು ಅವುಗಳ ಪಟ್ಟಿಯನ್ನು ಮಾಡುವಾಗ ಊರ ಹೆಸರು, ಶಾಸನದ ಸಂಖ್ಯೆ, ವರ್ಷ, ಇವಿಷ್ಟನ್ನು ಬರೆದು ನಿಲ್ಲಿಸುವುದು ರೂಢಿ. ಇನ್ನು ಮುಂದೆ ಫಲಕದ ಅಳತೆ, ಅದು ಮೂಲವೋ ಪ್ರತಿಯೋ ಎಂಬುದು, ಬಿಂಬದ ಕೇಂದ್ರವಿರುವ ಸ್ಥಾನ, ಅಂಚಿನ ಮಂಕು ಮತ್ತು ಬಾಗು, ಮಸೂರದ ಜಾತಿಯ ಊಹೆ, ಅದೇ ಕ್ಯಾಮೆರಾದವೆಂದು ತೋರುವ ಇತರ ಫಲಕಗಳ ಸಂಖ್ಯೆಗಳು, ಇವುಗಳನ್ನೂ ಸೇರಿಸುವುದು ಯುಕ್ತ. ಹಳೆಯ ಕ್ಯಾಮೆರಾಗಳು ದೊರೆತಲ್ಲಿ ಮಸೂರವನ್ನು ಅದರ ಪೆಟ್ಟಿಗೆಯಿಂದ ಬೇರೆಮಾಡಿ ಮಾರುವುದಾಗಲಿ, ಅಲಂಕಾರಕ್ಕೆಂದು ಹಿತ್ತಾಳೆಯನ್ನು ಉಜ್ಜಿ ಅಂಕಗಳನ್ನು ಅಳಿಸುವುದಾಗಲಿ ಕೂಡದು. ಯಾವುದೋ ಕಪಾಟಿನಲ್ಲಿರುವ ಫಲಕಗಳ ಗುಂಪಿಗೆ ಆ ಮಸೂರವೇ ಕೀಲಿಕೈಯಾಗಿರಬಹುದು. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಶಾಸನದ ಛಾಯಾಚಿತ್ರವನ್ನು ತೋರಿಸುವಾಗ ಓದಲಾಗದ ಅಕ್ಷರದ ಸ್ಥಾನವು ಚಿತ್ರದ ನಡುವೋ ಅಂಚೋ ಎಂಬ ಒಂದು ಪ್ರಶ್ನೆಯನ್ನು ಕೇಳಿದರೂ, ತ್ರುಟಿತವೆಂದು ಗುರುತುಹಾಕಿ ಬಿಟ್ಟ ಸ್ಥಳಗಳಲ್ಲಿ ಕೆಲವನ್ನಾದರೂ ಮತ್ತೆ ಓದುವ ದಾರಿ ತೆರೆಯುತ್ತದೆ.